ಖಿರೋಕೀತಿಯ: ಮಾತಿಲ್ಲದ ಕಲ್ಲುಗಳ ಸಾಕ್ಷ್ಯ

ಚರಿತ್ರೆಯೆಂದೊಡನೆ ರಾಜರ ವಂಶಾವಳಿ, ಯುದ್ಧಗಳ ಜಯಾಪಜಯ, ಶಿಲಾಶಾಸನ ತಾಮ್ರಪಟಗಳ ಪಾಠ ಇವೇ ಮೊದಲಾದುವು ಮನಸ್ಸಿಗೆ ತೋರುವುದು ವಾಡಿಕೆ. ಬರೆದಿಟ್ಟ ಮಾತಿರುವಲ್ಲಿ ಚರಿತ್ರೆಯುಂಟು, ಇಲ್ಲದಲ್ಲಿ ಅಂಧಕಾರವೇ ಸರಿ ಎಂಬ ಭಾವನೆಯು ಓದುಬರಹ ಬಲ್ಲವರಲ್ಲಿ ಸಹಜವಾಗಿ ಬೇರೂರಿರುವುದು. ಆದರೆ ಮನುಷ್ಯನು ಅಕ್ಷರವನ್ನು ಕಂಡುಕೊಂಡು ಐದು ಸಾವಿರ ವರ್ಷಗಳಿಗಿಂತ ಬಹಳ ಹೆಚ್ಚಾಗಿಲ್ಲ. ಅವನು ಮನೆ ಕಟ್ಟಿದುದು, ಬಿತ್ತಿ ಬೆಳೆದುದು, ಊರಾಗಿ ಕೂಡಿ ಬಾಳಿದುದು ಅದಕ್ಕಿಂತ ಸಾವಿರಾರು ವರ್ಷಗಳಷ್ಟು ಹಿಂದೆ. ಆ ದೀರ್ಘಕಾಲದ ಜನರೆಲ್ಲರೂ ಚರಿತ್ರೆಗೆ ಹೊರಗಾದವರೆ? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಸ್ಥಳಗಳಲ್ಲಿ ಸೈಪ್ರಸ್ ದ್ವೀಪದ ಖಿರೋಕೀತಿಯ ಎಂಬ ಹಾಳೂರು ಒಂದು.

ಸೈಪ್ರಸ್ ದ್ವೀಪವು ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗದಲ್ಲಿರುವುದು. ಅದರ ಉತ್ತರಕ್ಕೆ ಅನತೋಲಿಯ, ಎಂದರೆ ಇಂದಿನ ತುರ್ಕಿದೇಶ, ಪೂರ್ವಕ್ಕೆ ಸಿರಿಯ. ದ್ವೀಪದ ದಕ್ಷಿಣತೀರದಿಂದ ಸುಮಾರು 4 ಮೈಲಿ ಒಳಗೆ, ಮರೋನಿ ನದಿಯ ಕಣಿವೆಯಲ್ಲಿ, ಒಂದು ಗುಡ್ಡದ ಇಳಿಜಾರಿನ ಮೇಲೆ ಈ ಊರಿನ ಅವಶೇಷಗಳು ಹರಡಿಕೊಂಡಿವೆ. ದ್ವೀಪವು ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗ, 1934ರಲ್ಲಿ, ಪೊರ್ಫಿರಿಯೋಸ್ ದಿಕಾಯೋಸ್ ಎಂಬ ಸೈಪ್ರಸ್ಸಿನ ವಿದ್ವಾಂಸನು ಇದನ್ನು ಗುರುತಿಸಿದನು. 1936ರಿಂದ 1946ರ ವರೆಗೆ ಅವನು ನಡೆಯಿಸಿದ ಅಗೆತದ ವಿವರಗಳು 1953ರಲ್ಲಿ ಗ್ರಂಥರೂಪವಾಗಿ ಪ್ರಕಟವಾದುವು. ಅನಂತರ 1970ರ ದಶಕದಲ್ಲಿ ಅಲೇನ್ ಲೆ ಬ್ರನ್ ಎಂಬವನ ನಾಯಕತ್ವದಲ್ಲಿ ಫ್ರೆಂಚ್ ವಿದ್ವಾಂಸರ ಮಂಡಲಿಯು ಈ ಕಾರ್ಯವನ್ನು ಮತ್ತೆ ಕೈಕೊಂಡಿತು. ಈ ಊರಿನ ಮುಖ್ಯಕಾಲವು ಕ್ರಿಸ್ತಪೂರ್ವ 7ನೆಯ ಸಹಸ್ರಮಾನವೆಂದೂ, ಅದು 6ನೆಯ ಸಹಸ್ರಮಾನಕ್ಕೂ ಮುಂದುವರಿಯಿತೆಂದೂ ಈಗ ತಿಳಿದಿರುವುದು. ಈಜಿಪ್ಟಿನ ಪಿರಮಿಡ್ಡುಗಳಿಗೂ ಇದಕ್ಕೂ ನಡುವೆ ಮೂರು ನಾಲ್ಕು ಸಾವಿರ ವರ್ಷಗಳ ಅಂತರವುಂಟು.

ಇಂಥ ಸ್ಥಳದಲ್ಲಿ ಶಬ್ದಪ್ರಮಾಣವೆಂಬುದು ಲೇಶವೂ ಇಲ್ಲ. ಆ ಜನರು ತಮ್ಮ ಊರನ್ನು ಏನೆಂದು ಕರೆದರೋ, ಯಾವ ಭಾಷೆಯನ್ನಾಡಿದರೋ, ಅದನ್ನು ಹೇಳುವ ಒಂದಕ್ಷರವೂ ಉಳಿದಿಲ್ಲ. ಉಳಿದಿರುವುದು ಕಲ್ಲು, ಮಣ್ಣು, ಎಲುಬು, ಕರಿಕಾದ ಕಾಳು ಮಾತ್ರ. ಇವು ಪ್ರತ್ಯಕ್ಷ; ಮಿಕ್ಕುದೆಲ್ಲವೂ ಅನುಮಾನ. ಅನುಮಾನವು ಪ್ರಮಾಣವೇ ಆದರೂ ಹೇತುವು ನಿರ್ದುಷ್ಟವಾಗಿದ್ದಾಗ ಮಾತ್ರವೇ ಅದು ನಿಲ್ಲತಕ್ಕದ್ದೆಂದು ತರ್ಕವನ್ನೋದಿದವರೆಲ್ಲರೂ ಬಲ್ಲರು. ಖಿರೋಕೀತಿಯದ ಕಥೆಯು ಆ ಪ್ರಾಚೀನರ ಕಥೆಯಾಗಿರುವಂತೆಯೇ ಅನುಮಾನವು ತಪ್ಪಿ, ತಿದ್ದಿಕೊಂಡು, ನೆಲೆಗೆ ಬಂದ ಕಥೆಯೂ ಆಗಿರುವುದು.

ಮೊದಲು ಮನೆಗಳ ವಿಚಾರ. ಇಲ್ಲಿಯ ಕಟ್ಟಡಗಳೆಲ್ಲವೂ ವರ್ತುಲಾಕಾರವಾದುವು. ಹೊರಗಿನ ಅಳತೆಯಲ್ಲಿ ಚಿಕ್ಕದರ ಅಡ್ಡಗಲ ಸುಮಾರು 8 ಅಡಿ, ದೊಡ್ಡದರದು ಸುಮಾರು 30 ಅಡಿ. ಹೊಳೆಯ ಕಲ್ಲು, ಸುಣ್ಣಕಲ್ಲು, ಹಸಿ ಇಟ್ಟಿಗೆ, ಮೆದ್ದ ಮಣ್ಣು ಇವುಗಳಿಂದ ಗೋಡೆಗಳನ್ನೆಬ್ಬಿಸಿ ಮಣ್ಣಿನಿಂದ ಮೆತ್ತಿದ್ದರು. ಗೋಡೆಗಳು ಎಷ್ಟು ದಪ್ಪವೆಂದರೆ ಕೆಲವು ಮನೆಗಳಲ್ಲಿ ಒಳಗಿನ ಜಾಗವು ಹೊರಗಿನ ಅಳತೆಯ ಅರ್ಧದಷ್ಟೇ ಆಗಿರುವುದು. ಒಳಗೆ ಒಲೆ, ತಗ್ಗಾದ ಜಗಲಿ. ಕೆಲವೆಡೆ ಅಟ್ಟವನ್ನು ಹೊತ್ತಿದ್ದ ಕಲ್ಲುಕಂಬಗಳು. ಇಂಥ ಒಂದು ಗುಂಡುಗೂಡನ್ನೇ ಒಂದು ಸಂಸಾರದ ಮನೆಯೆಂದು ಎಣಿಸತಕ್ಕದ್ದಲ್ಲ. ಒಂದು ಪುಟ್ಟ ಅಂಗಳದ ಸುತ್ತಲೂ ಹಲವು ಗೂಡುಗಳಿದ್ದು, ಅವೆಲ್ಲವೂ ಸೇರಿ ಒಂದು ಮನೆಯಾಗುತ್ತಿದ್ದುವು. ಕಾಳನ್ನು ಅರೆಯುವ ಕಲ್ಲಿಗೆ ಅಂಗಳವೇ ಎಡೆ.

ಈ ಗೋಡೆಗಳ ದಪ್ಪವನ್ನು ಕಂಡು ದಿಕಾಯೋಸನು ಮನೆಗಳ ಮೇಲ್ಭಾಗವು ಜೇನುಗೂಡಿನಂತೆ ಗುಮ್ಮಟವಾಗಿದ್ದಿರಬೇಕೆಂದು ಊಹಿಸಿದನು. ಗುಂಡಾದ ತಳಹದಿ, ದಪ್ಪವಾದ ಗೋಡೆ, ಆದುದರಿಂದ ಗುಮ್ಮಟ. ಬಹುಕಾಲ ಪುಸ್ತಕಗಳಲ್ಲಿ ಈ ಚಿತ್ರವೇ ನಡೆದುಬಂದಿತು. ಅನಂತರದ ಅಗೆತದಲ್ಲಿ ಕುಸಿದುಬಿದ್ದ ಮಾಡೊಂದು ದೊರೆಯಿತು. ಅದು ಗುಮ್ಮಟವಾಗಿರದೆ, ಮರ, ಜೊಂಡು, ಮಣ್ಣುಗಳನ್ನು ಹಾಸಿದ ಮಟ್ಟಸವಾದ ಮಾಳಿಗೆಯಾಗಿದ್ದಿತು. ದಪ್ಪಗೋಡೆಯು ಗುಮ್ಮಟಕ್ಕೂ ಉಂಟು, ಭಾರವಾದ ಮಣ್ಣಿನ ಮಾಳಿಗೆಗೂ ಉಂಟು. ಎರಡು ಕಡೆಯಲ್ಲಿಯೂ ಇರುವ ಹೇತುವು ಒಂದನ್ನೇ ಸಾಧಿಸಲಾರದು. ತರ್ಕಶಾಸ್ತ್ರದಲ್ಲಿ ಸವ್ಯಭಿಚಾರವೆಂದು ಹೇಳುವ ದೋಷಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ದೊರೆಯುವುದು ಕಷ್ಟ.

ಇನ್ನೊಂದು ತಿದ್ದುಪಡಿಯು ಇದಕ್ಕಿಂತಲೂ ಮಹತ್ತ್ವದ್ದು. ಊರಿನ ನಡುವೆ ಗುಡ್ಡದ ಬುಡದಿಂದ ಮೇಲಕ್ಕೆ ಉದ್ದವಾದ ಕಲ್ಲುಕಟ್ಟಡವೊಂದು ಏರಿಹೋಗುವುದು. ಎರಡು ಪಕ್ಕಗಳಲ್ಲಿಯೂ ಮನೆಗಳಿರುವುದರಿಂದ ದಿಕಾಯೋಸನು ಇದನ್ನು ಊರಿನ ರಾಜಬೀದಿಯೆಂದು ತಿಳಿದನು. ಫ್ರೆಂಚ್ ವಿದ್ವಾಂಸರು ಮತ್ತೆ ಪರಿಶೀಲಿಸಿದಾಗ ಅದು ಬೀದಿಯಲ್ಲ, ಊರಿನ ಸುತ್ತುಗೋಡೆಯೆಂದು ಗೊತ್ತಾಯಿತು. ಮೊದಲು ಊರು ಗೋಡೆಯ ಪೂರ್ವಕ್ಕೆ ಮಾತ್ರ ಇದ್ದಿತು. ಕಾಲಕ್ರಮದಲ್ಲಿ ಜನ ಹೆಚ್ಚಿ, ಮನೆಗಳು ಗೋಡೆಯನ್ನು ದಾಟಿ ಪಶ್ಚಿಮಕ್ಕೆ ಬೆಳೆದುವು. ಆಗ ಹೊಸ ಭಾಗವನ್ನೂ ಒಳಕೊಳ್ಳುವಂತೆ ಇನ್ನೊಂದು ಗೋಡೆಯನ್ನು ಕಟ್ಟಿದರು. ಒಳಗೆ ಬರುವವರು ತಿರುವುಗಳುಳ್ಳ ಇಕ್ಕಟ್ಟಾದ ಮೆಟ್ಟಿಲುದಾರಿಯಲ್ಲಿಯೇ ಬರಬೇಕಾಗಿದ್ದಿತು.

ಬೀದಿಯು ಗೋಡೆಯಾದುದರಿಂದ ಏನಾಯಿತೆಂದರೆ, ಆ ಜನರನ್ನು ಕುರಿತ ತಿಳಿವಳಿಕೆಯೇ ಬೇರೆಯಾಯಿತು. ಬೀದಿಯು ನಡೆದಾಡುವುದರಿಂದಲೂ ಆಗಬಹುದು. ಸುತ್ತುಗೋಡೆಯು ತಾನಾಗಿ ಆಗತಕ್ಕದ್ದಲ್ಲ. ಆಳೆತ್ತರವನ್ನು ಮೀರಿದ ಕಲ್ಲಿನ ಗೋಡೆಯು ಒಬ್ಬನ ಕೆಲಸವಲ್ಲ, ಒಂದು ಸಂಸಾರದ ಕೆಲಸವೂ ಅಲ್ಲ. ಯಾರು ಕಲ್ಲು ಹೊರಬೇಕು, ಎಲ್ಲಿಂದೆಲ್ಲಿಗೆ ಕಟ್ಟಬೇಕು, ಯಾರ ಮನೆ ಒಳಗೆ, ಯಾರ ಮನೆ ಹೊರಗೆ ಎಂಬುದನ್ನೆಲ್ಲ ಊರವರು ಕೂಡಿ ನಿಶ್ಚಯಿಸಿರಬೇಕು. ಆದರೂ ಅಗೆದಷ್ಟು ಭಾಗದಲ್ಲಿ ಅರಮನೆಯೆನ್ನತಕ್ಕ ಕಟ್ಟಡವಾಗಲಿ, ದೊರೆಯ ಗೋರಿಯೆನ್ನತಕ್ಕ ಸಮಾಧಿಯಾಗಲಿ ಕಂಡುಬಂದಿಲ್ಲ. ಆಜ್ಞೆ ಮಾಡಿದವನ ಗುರುತಿಲ್ಲ. ಕೂಡಿ ದುಡಿದುದರ ಗುರುತು ಮಾತ್ರ ಕಣ್ಣೆದುರಿಗೆ ನಿಂತಿರುವುದು.

ಈ ಜನರು ದ್ವೀಪಕ್ಕೆ ಬಂದುದು ಸಮುದ್ರವನ್ನು ದಾಟಿಯೇ. ಅತಿ ಸಮೀಪದ ಅನತೋಲಿಯ ತೀರವೂ 40 ಮೈಲಿಗಿಂತ ಹೆಚ್ಚು ದೂರ. ಖಿರೋಕೀತಿಯಕ್ಕಿಂತ ಹಿಂದೆಯೇ ಬೇಸಾಯಗಾರರು ದ್ವೀಪಕ್ಕೆ ಬಂದು ನೆಲಸಿದ್ದರೆಂದು ಈಚಿನ ಶೋಧನೆಗಳಿಂದ ತಿಳಿದಿರುವುದು. ಕುರಿ, ಆಡು ಈ ದ್ವೀಪದಲ್ಲಿ ತಾವಾಗಿ ಹುಟ್ಟಿದ ಪ್ರಾಣಿಗಳಲ್ಲ; ಬೇಟೆಗೆ ಒದಗುತ್ತಿದ್ದ ಜಿಂಕೆಯೂ ಅಲ್ಲ. ಇವೆಲ್ಲವನ್ನೂ ದೋಣಿಗಳಲ್ಲಿ ತಂದಿರಬೇಕು. ಗೋದಿಯ ಎರಡು ಹಳೆಯ ಜಾತಿಗಳು, ಬಾರ್ಲಿ, ಚನ್ನಂಗಿ ಬೇಳೆಯ ಕಾಳು ಇವರ ಬೆಳೆಗಳು. ಅಂಜೂರ, ಪಿಸ್ತ ಮೊದಲಾದುವನ್ನು ಕಾಡಿನಿಂದ ಆಯ್ದುಕೊಳ್ಳುತ್ತಿದ್ದರು. ಬೆಕ್ಕಿನ ದವಡೆಯೆಲುಬೊಂದೂ ಖಿರೋಕೀತಿಯದಲ್ಲಿ ದೊರೆತಿರುವುದು. ಶಿಲ್ಲೂರೊಕಾಂಬೋಸ್ ಎಂಬ ಇನ್ನೂ ಹಳೆಯ ಊರಿನಲ್ಲಿ ಮನುಷ್ಯನ ಸಮಾಧಿಯ ಪಕ್ಕದಲ್ಲಿಯೇ ಹೂಳಿದ ಬೆಕ್ಕಿನ ಅಸ್ಥಿಪಂಜರವು ದೊರೆತ ಸಂಗತಿ 2004ರಲ್ಲಿ ಪ್ರಕಟವಾಯಿತು. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಗೃಹಕೃತ್ಯದ ಈ ನಿಯಮವು ಆಗಲೂ ನಡೆದಿದ್ದಂತೆ ತೋರುವುದು.

ಇವರು ಮಣ್ಣಿನ ಗಡಿಗೆಯನ್ನು ಸುಟ್ಟು ಬಳಸಿದವರಲ್ಲ. ಬೂದುಹಸುರು ಬಣ್ಣದ ಗಟ್ಟಿಶಿಲೆಯನ್ನು ಕೊರೆದು, ಉಜ್ಜಿ, ಬಟ್ಟಲುಗಳನ್ನೂ ಬೋಗುಣಿಗಳನ್ನೂ ಮಾಡುತ್ತಿದ್ದರು. ಲೋಹದ ಉಳಿಯಿಲ್ಲದೆ, ಕಲ್ಲಿನಿಂದಲೇ ಕಲ್ಲನ್ನು ತೆಗೆದು ಮಾಡಿದ ಆ ಪಾತ್ರೆಗಳ ನುಣುಪು, ಕೆಲವುಗಳ ಮೇಲಿನ ಕೆತ್ತನೆ ಇವು ನೋಡುವವರನ್ನು ಬೆರಗುಗೊಳಿಸುವುವು.

ಆದರೆ ಖಿರೋಕೀತಿಯದಲ್ಲಿ ಎಲ್ಲಕ್ಕಿಂತಲೂ ಮನಸ್ಸನ್ನು ಹಿಡಿದು ನಿಲ್ಲಿಸುವುದು ಸತ್ತವರ ವಿಚಾರ. ಊರಿನ ಹೊರಗೆ ಸ್ಮಶಾನವಿಲ್ಲ. ಮನೆಯ ನೆಲದಲ್ಲಿಯೇ ಗುಂಡಿ ತೋಡಿ, ಮೊಣಕಾಲುಗಳನ್ನು ಮಡಿಸಿ ಶವವನ್ನಿಟ್ಟು, ಮಣ್ಣು ಮುಚ್ಚಿ, ಮೇಲೆ ಮತ್ತೆ ನೆಲವನ್ನು ಬಡಿದು ಸಮಮಾಡುತ್ತಿದ್ದರು. ಉಳಿದವರ ಸಂಸಾರವು ಆ ನೆಲದ ಮೇಲೆಯೇ ಸಾಗುತ್ತಿದ್ದಿತು. ಒಂದೇ ಮನೆಯಲ್ಲಿ ನೆಲದ ಮೇಲೆ ನೆಲ, ಅದರೊಳಗೆ ತಲೆಮಾರಿನ ಮೇಲೆ ತಲೆಮಾರು. ಹೀಗೆ ದೊರೆತ ಅಸ್ಥಿಗಳಿಂದ ಗಂಡಸರ ಸರಾಸರಿ ಎತ್ತರ ಸುಮಾರು 5 ಅಡಿ 3 ಅಂಗುಲ, ಹೆಂಗಸರದು 5 ಅಡಿಗೆ ತುಸು ಕಡಮೆ ಎಂದು ಗೊತ್ತಾಗಿರುವುದು. ಕೆಲವು ತಲೆಬುರುಡೆಗಳ ಹಿಂಭಾಗವು ಚಪ್ಪಟೆಯಾಗಿರುವುದರಿಂದ ಎಳೆತನದಲ್ಲಿ ಮಕ್ಕಳನ್ನು ಹಲಗೆಗೆ ಕಟ್ಟಿ ಮಲಗಿಸುತ್ತಿದ್ದರೆಂದು ಊಹಿಸುವರು. ಹೆಂಗಸರ ಸಮಾಧಿಗಳಲ್ಲಿ ಕಲ್ಲಿನ ಬಟ್ಟಲುಗಳೂ, ಕೆಂಪು ಹರಳಿನ ಮಣಿ ಮತ್ತು ಸಮುದ್ರದ ಚಿಪ್ಪುಗಳನ್ನು ಪೋಣಿಸಿದ ಸರಗಳೂ ದೊರೆತಿವೆ. ಹಸುಗೂಸುಗಳ ಎಲುಬುಗಳು ಬಹಳ. ಹುಟ್ಟಿದ ಮಕ್ಕಳಲ್ಲಿ ಅನೇಕರು ಉಳಿಯುತ್ತಿರಲಿಲ್ಲ. ಆ ಎಳೆಯ ಮಕ್ಕಳಿಗೂ ತಾಯಿತಂದೆಯರು ಮನೆಯೊಳಗಿನ ನೆಲವನ್ನೇ ಕೊಟ್ಟರು.

ಕೆಲವು ಶವಗಳ ಎದೆಯ ಮೇಲೆ ಅಥವಾ ತಲೆಯ ಮೇಲೆ ಭಾರವಾದ ಕಲ್ಲನ್ನಿಟ್ಟಿದ್ದಾರೆ. ಕೆಲವೆಡೆ ಅದು ಕಾಳನ್ನು ಅರೆಯುವ ಕಲ್ಲೇ ಆಗಿರುವುದು. ಸತ್ತವರು ಎದ್ದುಬಂದು ಕಾಡದಿರಲೆಂಬ ಭಯದಿಂದ ಹೀಗೆ ಮಾಡಿದರೆಂದು ಹೇಳುವುದುಂಟು. ಇಲ್ಲಿಯೂ ಮಾಳಿಗೆಯ ಪಾಠವನ್ನು ಮರೆಯಬಾರದು. ಭಯಪಟ್ಟವರು ಶವವನ್ನು ದೂರ ಒಯ್ಯುವರೇ ಹೊರತು ತಾವು ಮಲಗುವ ಕಡೆ ಹೂಳುವರೆ? ಪ್ರೀತಿಯಿಂದಲೇ ಹೂಳಿದರೆನ್ನುವುದಾದರೆ ಎದೆಯ ಮೇಲೆ ಭಾರವೇಕೆ? ಕಲ್ಲೆಂಬ ಒಂದೇ ಹೇತುವಿನಿಂದ ಭಯವನ್ನೂ ಸಾಧಿಸಲಾಗದು, ಭಕ್ತಿಯನ್ನೂ ಸಾಧಿಸಲಾಗದು. ಒಂದು ಮಾತನ್ನಂತೂ ನಿಸ್ಸಂಶಯವಾಗಿ ಹೇಳಬಹುದು: ಸತ್ತವರನ್ನು ಅವರು ಮನೆಯಿಂದ ಹೊರಹಾಕಲಿಲ್ಲ. ಹತ್ತಿರವಿರಲಿ ಎಂಬ ಆಶೆಯೂ, ಇದ್ದಲ್ಲಿಯೇ ಇರಲಿ ಎಂಬ ಅಂಜಿಕೆಯೂ ಒಂದೇ ಮನೆಯಲ್ಲಿ, ಒಂದೇ ಮನಸ್ಸಿನಲ್ಲಿ ಇರಬಾರದೆಂಬ ನಿಯಮವಿಲ್ಲ. ಹಿರಿಯರನ್ನೂ ಮಕ್ಕಳನ್ನೂ ಕಳೆದುಕೊಂಡ ಸಂಸಾರಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿಸ್ತಪೂರ್ವ 6ನೆಯ ಸಹಸ್ರಮಾನದಲ್ಲಿ ಈ ಊರು ಬರಿದಾಯಿತು. ಮುಂದೆ ಎಷ್ಟೋ ಶತಮಾನಗಳು ಕಳೆದ ಮೇಲೆ, ಮಣ್ಣಿನ ಪಾತ್ರೆಗಳನ್ನು ಬಲ್ಲ ಬೇರೊಂದು ಜನವು ಅದೇ ಗುಡ್ಡದಲ್ಲಿ ಕೆಲಕಾಲ ನೆಲಸಿ ಅವರೂ ಹೋದರು. 1998ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಸ್ಥಳವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ಅಡಿಪಾಯಗಳ ಸಮೀಪದಲ್ಲಿ, ಆ ಕಾಲದ ರೀತಿಯನ್ನೇ ಅನುಸರಿಸಿ, ಐದು ಗುಂಡುಮನೆಗಳನ್ನು ಹೊಸದಾಗಿ ಕಟ್ಟಿ ನೋಡುವವರಿಗೆ ತೋರಿಸುತ್ತಿದ್ದಾರೆ.

ಶಾಸನವನ್ನು ಬರೆಯಿಸಿದವನು ತನ್ನ ವಿಷಯದಲ್ಲಿ ಲೋಕವು ಏನನ್ನು ನಂಬಬೇಕೆಂದು ತಾನೇ ಗೊತ್ತುಮಾಡಿ ಹೋಗುವನು. ಆದುದರಿಂದ ಅದರಲ್ಲಿ ಉತ್ಪ್ರೇಕ್ಷೆಯುಂಟು, ಸ್ತುತಿಯುಂಟು. ಖಿರೋಕೀತಿಯದವರು ಹಾಗೆ ಯಾವುದನ್ನೂ ಹೇಳಿಟ್ಟು ಹೋಗಲಿಲ್ಲ. ಅರೆದು ಸವೆದ ಕಲ್ಲು, ಊರು ಬೆಳೆದಾಗ ಮತ್ತೊಮ್ಮೆ ಕಟ್ಟಿದ ಗೋಡೆ, ಎಳೆಯ ಮಗುವಿಗಾಗಿ ತೋಡಿ ಮತ್ತೆ ಸಮಮಾಡಿದ ನೆಲ ಇವಿಷ್ಟೇ ಅವರು ಬಿಟ್ಟುಹೋದುದು. ಇವು ಸುಳ್ಳಾಡುವುದಿಲ್ಲ, ಓದುವವರು ತಪ್ಪಬಹುದು, ತಪ್ಪಿದವರನ್ನು ಮುಂದಿನವರು ತಿದ್ದಬಹುದು. ಹೆಸರು ಉಳಿಯದವರಿಗೂ ಚರಿತ್ರೆಯುಂಟೆಂಬುದಕ್ಕೆ ಆ ಗುಡ್ಡದ ಇಳಿಜಾರಿನ ಒಂದೊಂದು ಮನೆಯ ನೆಲವೂ ಸಾಕ್ಷಿಯಾಗಿರುವುದು.