ಹೊಸದುರ್ಗದ ಒಂದು ವರದಿ

ಹೊಸದುರ್ಗ 2021ರಲ್ಲಿ ಮತಾಂತರ ಚರ್ಚೆಯ ಕೇಂದ್ರವಾಯಿತು. ತಮ್ಮ ತಾಯಿಯನ್ನೇ ಮತಾಂತರಿಸಿದ್ದಾರೆಂದು ಶಾಸಕ ಗೂಳಿಹಟ್ಟಿ ಶೇಖರ್ ಸೆಪ್ಟೆಂಬರಿನಲ್ಲಿ ಸದನದಲ್ಲಿ ಅಲವತ್ತುಕೊಂಡರು. ಮಗನ ಸಂಕಟವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ತಹಶೀಲ್ದಾರರು ಸಮೀಕ್ಷೆ ನಡೆಸಿ, ಬಲವಂತ ನಡೆದಿಲ್ಲವೆಂದು ವರದಿ ಕೊಟ್ಟರು. ಡಿಸೆಂಬರಿನಲ್ಲಿ ಅವರಿಗೇ ವರ್ಗಾವಣೆಯಾಯಿತು. ಅದೇ ತಿಂಗಳು ವಿಧಾನಸಭೆ ಮತಾಂತರ ನಿಷೇಧ ಮಸೂದೆಯನ್ನು ಅಂಗೀಕರಿಸಿತು. ಹಾಗಾದರೆ ಆಮಿಷವೊಡ್ಡಿದವರನ್ನು ಸುಮ್ಮನೆ ಬಿಡಬೇಕೇ? ಬೇಡ; ವಂಚನೆ, ಬೆದರಿಕೆಗಳಿಗೆ ದಂಡ ಸಂಹಿತೆ ಮೊದಲೇ ಇತ್ತು. ಹೊಸ ಕಾಯ್ದೆಯಾದರೋ ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು, ಸಹೋದ್ಯೋಗಿಗೂ ದೂರುವ ಅಧಿಕಾರ ಕೊಟ್ಟಿತು, ಬಲವಂತವಿಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಆರೋಪಿಯ ತಲೆಗೇ ಕಟ್ಟಿತು. ನನ್ನ ಮಟ್ಟಿಗೆ ಕಿರುಕುಳ ಶುರುವಾಗುವುದೇ ಇಲ್ಲಿ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು.