ಅಣುವ್ರತ: ಮುಳುಗುಂದದಿಂದ ಬೆಂಗಳೂರಿಗೆ

ತೇರಾಪಂಥದ ಆಚಾರ್ಯ ತುಳಸಿಯವರು 1969ರ ಚಾತುರ್ಮಾಸ್ಯವನ್ನು ಬೆಂಗಳೂರಿನಲ್ಲಿ ಆಚರಿಸಿದರು. ಹಿಂದಿನ ವರ್ಷದ ಮಳೆಗಾಲವನ್ನು ಮದ್ರಾಸಿನಲ್ಲಿ ಕಳೆದು, ಜೈನ ಮುನಿಗಳ ನಿಯಮದಂತೆ ಕಾಲ್ನಡಿಗೆಯಲ್ಲಿಯೇ ಅವರು ದಕ್ಷಿಣದಲ್ಲಿ ಸಂಚರಿಸಿದ್ದರು. ಮುಖವಸ್ತ್ರಿಕೆಯನ್ನು ಧರಿಸಿದ ಈ ಶ್ವೇತಾಂಬರ ಸಾಧುಗಳು ಶ್ರವಣಬೆಳಗೊಳದ ದಿಗಂಬರ ಪರಂಪರೆಯನ್ನೇ ಬಲ್ಲ ಕನ್ನಡಿಗರಿಗೆ ಹೊಸಬರೆನಿಸಿರಬಹುದು. ಆದರೆ ಅವರು ತಂದ ಅಣುವ್ರತದ ಮಾತು ಈ ನಾಡಿಗೆ ಹೊಸದಾಗಿರಲಿಲ್ಲ.

ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದನ್ನು ಜೈನಶಾಸ್ತ್ರವು ಮುನಿಗಳಿಗೆ ಮಹಾವ್ರತಗಳೆಂದೂ ಗೃಹಸ್ಥರಿಗೆ ಅಣುವ್ರತಗಳೆಂದೂ ವಿಧಿಸಿದೆ. ವ್ರತಗಳು ಅವೇ, ಪ್ರಮಾಣ ಮಾತ್ರ ಬೇರೆ. ಮುನಿಯು ಸರ್ವವನ್ನೂ ತೊರೆಯಬೇಕು. ಗೃಹಸ್ಥನು ತನ್ನ ಸಂಪತ್ತಿಗೆ ತಾನೇ ಒಂದು ಎಲ್ಲೆಯನ್ನು ಗೊತ್ತುಮಾಡಿಕೊಂಡರೆ ಸಾಕು. ನೇಗಿಲಿಗೆ ಸಿಕ್ಕಿ ಸಾಯುವ ಹುಳುವಿನ ಹಿಂಸೆ ಒಕ್ಕಲಿಗನಿಗೆ ಅನಿವಾರ್ಯವೆಂದು ಶಾಸ್ತ್ರವು ಸಹಿಸುತ್ತದೆ. ಕೊಲ್ಲಬೇಕೆಂಬ ಸಂಕಲ್ಪವನ್ನು ಸಹಿಸುವುದಿಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಅರಸನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ತೊಳಲುವುದು ಈ ಕಾರಣದಿಂದಲೇ.

ಅಸ್ತೇಯದ ವಿಚಾರವಂತೂ ಇನ್ನೂ ಸೂಕ್ಷ್ಮ. ಈ ವ್ರತಕ್ಕೆ ಕುಂದು ತರುವ ಐದು ಅತಿಚಾರಗಳನ್ನು ‘ತತ್ತ್ವಾರ್ಥಸೂತ್ರ’ವು ಹೇಳುತ್ತದೆ: ಕಳ್ಳತನಕ್ಕೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ. ಯಶವಂತಪುರದ ಮಂಡಿಗಳಲ್ಲಿ ವ್ಯಾಪಾರ ಮಾಡುವ ಭಕ್ತರಿಗೆ ಈ ಪಟ್ಟಿಗೆ ಭಾಷ್ಯ ಬರೆದುಕೊಡುವ ಅವಶ್ಯಕತೆಯಿಲ್ಲವೆಂದು ಭಾವಿಸುತ್ತೇವೆ.

ಈ ವಿಚಾರವನ್ನು ಕನ್ನಡದ ಸಾಮಾನ್ಯ ಜನರಿಗೆ ಮುಟ್ಟಿಸಿದವರಲ್ಲಿ ಮುಳುಗುಂದದ ನಯಸೇನನು ಪ್ರಮುಖನು. ಗದಗಿನ ಸಮೀಪದ ಆ ಊರಿನಲ್ಲಿದ್ದ ಈ ಮುನಿಯು 1112ರಲ್ಲಿ ರಚಿಸಿದ ‘ಧರ್ಮಾಮೃತ’ದಲ್ಲಿ ಹದಿನಾಲ್ಕು ಆಶ್ವಾಸಗಳಿವೆ. ಸಮ್ಯಗ್ದರ್ಶನ, ಅದರ ಎಂಟು ಅಂಗಗಳು, ಐದು ಅಣುವ್ರತಗಳು—ಒಂದೊಂದಕ್ಕೂ ಒಂದೊಂದು ಕಥೆ. ಕನ್ನಡದೊಳಗೆ ಸಂಸ್ಕೃತವನ್ನು ತುರುಕುವ ಪಂಡಿತರನ್ನು ಆತನು ಹಳಿದದ್ದೂ, ಹಳ್ಳಿಯ ಹೋಲಿಕೆಗಳನ್ನು ಸಾಲುಗಟ್ಟಿ ತಂದದ್ದೂ ಪ್ರಸಿದ್ಧವಾಗಿವೆ. ಆತನು ಅನ್ಯಮತಗಳನ್ನು ಕಟುವಾಗಿ ಗೇಲಿ ಮಾಡಿದನೆಂಬುದೂ ನಿಜ. ಪ್ರತಿಯಾಗಿ ನಮ್ಮವರು ಸುಮ್ಮನಿದ್ದರೆಂದು ಹೇಳುವಂತಿಲ್ಲ. ಅಬ್ಬಲೂರಿನ ಸೋಮೇಶ್ವರ ದೇವಾಲಯದ ಏಕಾಂತದ ರಾಮಯ್ಯನ ಶಾಸನವೂ ಶಿಲ್ಪಗಳೂ ಆ ಕಲಹಕ್ಕೆ ಸಾಕ್ಷಿಯಾಗಿ ನಿಂತಿವೆ. ಅದನ್ನು ಮರೆಮಾಚಿ ಇತಿಹಾಸ ಬರೆಯಲಾಗದು.

ಆದರೂ ನಯಸೇನನ ನಂತರ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಕಲ್ಯಾಣದಲ್ಲಿ ನಡೆದುದನ್ನು ನೋಡಿರಿ. ಸಪ್ತಶೀಲಗಳೆಂದು ನಾವು ಕರೆಯುವ ಬಸವಣ್ಣನವರ ನಿಷೇಧಗಳಲ್ಲಿ ಕಳವು, ಕೊಲೆ, ಹುಸಿ ಈ ಮೂರೂ ಮೊದಲಿಗೇ ಬರುತ್ತವೆ. ಪತಿ ಮಾರಯ್ಯನು ಅಂದಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನವರು ಹಿಂದಕ್ಕೆ ಸುರಿದುಬರುವಂತೆ ಹೇಳಿದರು. ಪರಿಗ್ರಹ ಪರಿಮಾಣಕ್ಕೆ ಇದಕ್ಕಿಂತ ಉತ್ತಮ ದೃಷ್ಟಾಂತವನ್ನು ಯಾವ ಶ್ರಾವಕಾಚಾರ ಗ್ರಂಥದಲ್ಲಿಯೂ ನಾವು ಕಾಣೆವು. ಭೇದವೂ ಇಲ್ಲಿಯೇ ಇದೆ. ಶ್ರಾವಕನು ತನಗೆಷ್ಟು ಸಾಕೆಂಬುದನ್ನು ತಾನೇ ನಿಶ್ಚಯಿಸುತ್ತಾನೆ. ಲಕ್ಕಮ್ಮನವರಿಗೆ ಅಂದಿನ ಕಾಯಕ, ಅಂದಿನ ದಾಸೋಹಗಳೇ ಅಳತೆ. ತಕ್ಕಡಿಯಲ್ಲಿ ಮೋಸ ಮಾಡದವನೂ ಕೋಟಿಗಟ್ಟಲೆ ಕೂಡಿಹಾಕಬಲ್ಲನು, ಎಲ್ಲೆಯನ್ನು ಎತ್ತರದಲ್ಲಿ ಹಾಕಿಕೊಂಡರಾಯಿತು! ಅಣುವ್ರತದ ದೌರ್ಬಲ್ಯವು ಇದೆಂದು ನಮ್ಮ ಅಭಿಪ್ರಾಯ.

ತುಳಸಿಯವರು ಇದನ್ನು ಅರಿಯದವರಾಗಿರಲಿಲ್ಲ. 1914ರಲ್ಲಿ ರಾಜಸ್ಥಾನದ ಲಾಡನೂಂನಲ್ಲಿ ಜನಿಸಿ, ಹನ್ನೊಂದನೆಯ ವಯಸ್ಸಿನಲ್ಲಿ ದೀಕ್ಷೆ ಪಡೆದು, ಇಪ್ಪತ್ತೆರಡರಲ್ಲಿ ಆಚಾರ್ಯರಾದ ಅವರು 1949ರ ಮಾರ್ಚ್ 1ರಂದು ಸರದಾರಶಹರದಲ್ಲಿ ಅಣುವ್ರತ ಆಂದೋಲನವನ್ನು ಆರಂಭಿಸಿದರು. ಅಣುಬಾಂಬಿನ ಭೀತಿ ಹರಡಿದ್ದ ಕಾಲವದು. ‘ಅಣು’ ಎಂಬ ಪದದ ಶ್ಲೇಷೆಯನ್ನು ಹಿಡಿದು 1950ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆಯೂ ಬರೆಯಿತು. ಮೋಕ್ಷಮಾರ್ಗದ ಸೋಪಾನವಾಗಿದ್ದ ವ್ರತವನ್ನು ಅವರು ಪೌರಜೀವನಕ್ಕೆ ಇಳಿಸಿದರು. ಜೈನನಾಗಬೇಕೆಂಬ ನಿರ್ಬಂಧವಿಲ್ಲದೆ ಯಾವ ಮತದವನಾದರೂ ವ್ರತಿಯಾಗಬಹುದಾಯಿತು. ಅಸ್ಪೃಶ್ಯತೆಯನ್ನು ಆಚರಿಸದಿರುವುದು, ಚುನಾವಣೆಯಲ್ಲಿ ಅನೀತಿಯ ಮಾರ್ಗವನ್ನು ಹಿಡಿಯದಿರುವುದು, ವ್ಯಸನಗಳಿಂದ ದೂರವಿರುವುದು ಮುಂತಾದ ಹನ್ನೊಂದು ನಿಯಮಗಳು ಈ ಸಂಹಿತೆಯಲ್ಲಿವೆ. ವ್ಯಾಪಾರಿಗಳಿಗೆ, ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ ಪ್ರತ್ಯೇಕ ನಿಯಮಗಳೂ ಉಂಟು. 1960ರ ಸುಮಾರಿಗೆ ‘ನಯಾ ಮೋಡ್’ ಎಂಬ ಹೆಸರಿನಲ್ಲಿ ಪರದೆ, ವರದಕ್ಷಿಣೆ, ವಿಧವೆಯರ ಅವಮಾನಗಳ ವಿರುದ್ಧ ತಮ್ಮ ಸಮಾಜದಲ್ಲಿಯೇ ಅವರು ದನಿಯೆತ್ತಿದರು. ಅಸ್ಪೃಶ್ಯತೆಯ ನಿಷೇಧವನ್ನು ವ್ರತವೆಂದೇ ಸೇರಿಸಿದುದು ಸಾಮಾನ್ಯ ಸಂಗತಿಯಲ್ಲ. ನಮ್ಮಲ್ಲಿ ಅಕ್ಕಮ್ಮನಂತಹ ಶರಣೆಯರು ಅರವತ್ತನಾಲ್ಕು ವ್ರತಗಳ ವಿಚಾರವನ್ನು ಆಡಿದ್ದಾರೆ. ಮುಂದೆ ಎಷ್ಟೋ ಮನೆಗಳಲ್ಲಿ ವ್ರತವೆಂದರೆ ಯಾರ ನೀರು ಕುಡಿಯಬಾರದು, ಯಾರ ಪಂಕ್ತಿಯಲ್ಲಿ ಕೂಡಬಾರದು ಎಂಬುದಷ್ಟೇ ಉಳಿಯಿತು.

ತುಳಸಿಯವರು 1994ರಲ್ಲಿ ಆಚಾರ್ಯಪದವಿಯನ್ನು ತಾವಾಗಿಯೇ ಬಿಟ್ಟುಕೊಟ್ಟು 1997ರಲ್ಲಿ ಕಾಲವಾದರು. ಅವರ ಪರಂಪರೆಯ ಆಚಾರ್ಯ ಮಹಾಶ್ರಮಣರು 2019ರಲ್ಲಿ ಬೆಂಗಳೂರಿನಲ್ಲಿಯೇ ಚಾತುರ್ಮಾಸ್ಯ ನಡೆಸಿದರು. ಸದ್ಭಾವನೆ, ನೈತಿಕತೆ, ವ್ಯಸನಮುಕ್ತಿ ಇವು ಅವರ ಅಹಿಂಸಾ ಯಾತ್ರೆಯ ಮೂರು ಉದ್ದೇಶಗಳಾಗಿದ್ದವು. ವ್ಯಸನಮುಕ್ತಿಗಾಗಿ ನಮ್ಮಲ್ಲಿಯೇ ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಿದ್ದರು. ಮನೆಯವರು ತಂದ ಕಾಳನ್ನಲ್ಲ, ಅವರ ದುಶ್ಚಟಗಳನ್ನು ಅವರು ಭಿಕ್ಷೆಯಾಗಿ ಬೇಡುತ್ತಿದ್ದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ.