ಬೂರೂಲಾ ಕುರಿಯ ಮೂಲವಿಚಾರ

ಸಂತಾನದಲ್ಲಿ ಬೀಜಕ್ಕೆ ಪ್ರಾಧಾನ್ಯವೋ ಕ್ಷೇತ್ರಕ್ಕೆ ಪ್ರಾಧಾನ್ಯವೋ ಎಂಬ ವಾದವು ಧರ್ಮಶಾಸ್ತ್ರಕಾರರಿಗೆ ಹೊಸದಲ್ಲ. ಮನುಸ್ಮೃತಿಯ 9ನೆಯ ಅಧ್ಯಾಯವು ಬೀಜವೇ ಮೇಲೆಂದು ಮೊದಲು ಹೇಳಿದರೂ, ಹಸು, ಆಡು, ಕುರಿ ಮೊದಲಾದವುಗಳ ಮರಿಯು ಹೆಣ್ಣಿನ ಒಡೆಯನಿಗೇ ಸಲ್ಲತಕ್ಕುದೆಂದು ಮುಂದೆ ವಿಧಿಸುವುದು. ಅದು ಸ್ವತ್ತಿನ ನಿರ್ಣಯವೇ ಹೊರತು ಶರೀರತತ್ತ್ವದ ನಿರ್ಣಯವಲ್ಲ. ಆದರೂ ಆಸ್ಟ್ರೇಲಿಯಾದ ಬೂರೂಲಾ ಕುರಿಯ ವೃತ್ತಾಂತವನ್ನು ಶೋಧಿಸುವವರಿಗೆ ಆ ಚರ್ಚೆಯು ನೆನಪಾಗದಿರದು.

ಆ ಖಂಡದ ಉಣ್ಣೆಯ ಚರಿತ್ರೆಯನ್ನು 1797ರಲ್ಲಿ ದಕ್ಷಿಣ ಆಫ್ರಿಕದ ಕೇಪಿನಿಂದ ಬಂದ ಮೆರಿನೋ ಕುರಿಗಳಿಂದ ಆರಂಭಿಸುವುದು ವಾಡಿಕೆ. ಅದಕ್ಕೆ ಮೂರು ವರ್ಷ ಮೊದಲೇ, 1794ರಲ್ಲಿ, ಜಾನ್ ಮೆಕಾರ್ಥರನು ಕಲ್ಕತ್ತೆಯಿಂದ ಬಂದ ಬಂಗಾಳದ ಹೆಣ್ಣುಕುರಿಗಳನ್ನೂ ಮರಿಗಳನ್ನೂ, ಒಟ್ಟು ಅರುವತ್ತನ್ನು, ಕೊಂಡಿದ್ದನು. ಇವುಗಳಿಗೆ ಐರ್ಲೆಂಡಿನ ತಳಿಯನ್ನು ಕೂಡಿಸಲು, ಬರಿಯ ಕೂದಲಿದ್ದ ತಾಯಿಯ ಮರಿಗಳಲ್ಲಿ ಉಣ್ಣೆ ಬೆರೆತು ಬಂದಿತು. ಚರಿತ್ರಕಾರರು ಸ್ಪೇನಿನ ಟಗರಿಗೆ ಅಧ್ಯಾಯಗಳನ್ನೇ ಮೀಸಲಿಟ್ಟು, ಬಂಗಾಳದ ತಾಯಿಯನ್ನು ಒಂದು ವಾಕ್ಯದಲ್ಲಿ ಮುಗಿಸಿರುವುದು ನ್ಯಾಯವೆನಿಸದು.

ಒಂದೂವರೆ ಶತಮಾನ ಕಳೆದ ಮೇಲೆ, ನ್ಯೂ ಸೌತ್ ವೇಲ್ಸಿನ ಕೂಮಾ ಊರಿನ ಬಳಿಯ ಬೂರೂಲಾ ಎಂಬಲ್ಲಿ ಸಿಯರ್ಸ್ ಸೋದರರ ಮೆರಿನೋ ಮಂದೆಯಲ್ಲಿ, ಒಂದೇ ಸೂಲಿಗೆ ಮೂರು ನಾಲ್ಕು ಮರಿಗಳನ್ನೀಯುವ ಕುರಿಗಳು ಕಂಡುಬಂದುವು. ಅಲ್ಲಿ ಐದು ಮರಿಗಳ ಸೂಲಿನಲ್ಲಿ ಹುಟ್ಟಿದ ಒಂದು ಟಗರು 1958ರಲ್ಲಿ ಸರ್ಕಾರದ ಸಂಶೋಧಕರ ಕೈ ಸೇರಿತು. ಈ ಗುಣಕ್ಕೆ ಒಂದೇ ವಂಶವಾಹಿಯು ಕಾರಣವೆಂಬ ಊಹೆಯು 1980ರ ಸುಮಾರಿಗೆ ಹುಟ್ಟಿ, 2001ರಲ್ಲಿ ಸಿದ್ಧವಾಯಿತು. ಆರನೆಯ ವರ್ಣತಂತುವಿನ ಒಂದು ವಂಶವಾಹಿಯಲ್ಲಿ ಒಂದೇ ಅಕ್ಷರವು ಪಲ್ಲಟವಾದುದೇ ಇದರ ಮೂಲ. ಮರುವರ್ಷ ಪ್ರಕಟವಾದ ಪರೀಕ್ಷೆಗಳು ಅದೇ ಪಲ್ಲಟವನ್ನು ಬಂಗಾಳದ ಸುಂದರಬನದ ಗರೋಲೆ ಕುರಿಯಲ್ಲಿ ತೋರಿಸಿದುವು. ಎರಡು ಓಲೆಪ್ರತಿಗಳಲ್ಲಿ ಒಂದೇ ಅಪಪಾಠವಿದ್ದರೆ ಅವುಗಳಿಗೆ ಮಾತೃಕೆಯು ಒಂದೆಂದು ಪಂಡಿತರು ತರ್ಕಿಸುವರಷ್ಟೆ. ಮಂದೆಯ ಕಾಗದಪತ್ರಗಳು ಮೌನವಾದೆಡೆಯಲ್ಲಿ ಇಲ್ಲಿಯೂ ಅದೇ ನ್ಯಾಯವು ನಡೆದಿದೆ.

ಈ ಗುಣದ ವೈಚಿತ್ರ್ಯವೇನೆಂದರೆ, ಟಗರು ಇದನ್ನು ಹೊತ್ತಿದ್ದರೂ ಅದರ ಮೈಯಲ್ಲಿ ಫಲವು ತೋರದು. ಅದರ ಹೆಣ್ಣುಮರಿಗಳು ಬೆಳೆದು ಈಯುವಾಗಲೇ ತೋರುವುದು. ಒಂದು ಪ್ರತಿಯುಳ್ಳ ಕುರಿಗೆ ಸೂಲಿಗೆ ಸುಮಾರು ಒಂದು ಮರಿ ಹೆಚ್ಚುವುದು. ಎರಡು ಪ್ರತಿಗಳಿದ್ದರೆ ಇನ್ನೂ ಹೆಚ್ಚು. ಆದರೆ ಹೆಚ್ಚಳವೆಲ್ಲವೂ ಲಾಭವಲ್ಲ. ಒಂದೇ ಗರ್ಭದಲ್ಲಿ ಮೂರು ಮರಿಗಳು ಬೆಳೆದರೆ ಮೂರೂ ಹಗುರವಾಗಿ ಹುಟ್ಟುವುವು. ಗಿಣ್ಣುಹಾಲು ಸಾಲದೆ ಮೊದಲ ದಿನಗಳಲ್ಲಿಯೇ ಸಾಯುವುವೂ ಉಂಟು. ಉಳಿದವು ಒಂಟಿಯಾಗಿ ಹುಟ್ಟಿದ ಮರಿಯಷ್ಟು ಬೇಗನೆ ಮೈ ತುಂಬಿಕೊಳ್ಳವು. ಹೀಗಿರಲು, ಎಷ್ಟು ಮರಿಗಳು ಹುಟ್ಟಿದುವೆಂಬುದಕ್ಕಿಂತ, ಮೊಲೆ ಬಿಡಿಸುವಾಗ ತಾಯಿಯೊಂದಕ್ಕೆ ಎಷ್ಟು ತೂಕದ ಮರಿಗಳು ಉಳಿದುವೆಂಬುದೇ ಮಂದೆಯ ಯೋಗ್ಯತೆಗೆ ಸರಿಯಾದ ಅಳತೆ. ತಾಯಿಯು ಮರಿಗೆ ತನ್ನ ಅರ್ಧ ವಂಶವನ್ನು ಮಾತ್ರ ಕೊಡುವುದಲ್ಲ. ಗರ್ಭದ ಎಡೆ, ಕೆಚ್ಚಲಿನ ಹಾಲು, ಸಾಕುವ ಸ್ವಭಾವ, ಇವೂ ಅದರ ವಂಶದಿಂದಲೇ ಬರುವುವು. ಬೀಜವಾದಿಗಳ ಗಣನೆಗೆ ಸಿಕ್ಕದುದು ಇದೇ.

ಈ ಗುಣವು ದಖನಿಗೂ ಬಂದಿದೆ. ಸಾತಾರಾ ಜಿಲ್ಲೆಯ ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು 1990ರ ದಶಕದಲ್ಲಿ ಗರೋಲೆಯನ್ನು ದಖನಿ ಕುರಿಯೊಡನೆ ಕೂಡಿಸಿದರು. ಉತ್ತರ ಕರ್ಣಾಟಕದ ಕುರುಬರು ಮೇಯಿಸುವ, ಕಂಬಳಿಗೆ ಉಣ್ಣೆ ಕೊಡುವ ಕರಿಯ ಕುರಿಯೂ ಈ ದಖನಿ ತಳಿಯದೇ. ಗರೋಲೆಯು ಬಹಳ ಗಿಡ್ಡ ಜಾತಿ. ಅದರ ಮೈಕಟ್ಟು ಉಳಿದರೆ ಮಾಂಸದ ಬೆಲೆ ಕುಗ್ಗುವುದು. ಆದುದರಿಂದ ಪೀಳಿಗೆ ಪೀಳಿಗೆಗೂ ದೊಡ್ಡ ಮೈಯ ಕುರಿಗಳಿಗೇ ಮರಳಿ ಕೂಡಿಸಿ, ಆ ಒಂದು ಅಕ್ಷರವನ್ನು ಮಾತ್ರ ಪರೀಕ್ಷೆಯಿಂದ ಗುರುತಿಸಿ ಉಳಿಸಿಕೊಳ್ಳಬೇಕಾಯಿತು. ಎರಡು ಪ್ರತಿಯುಳ್ಳ ಟಗರನ್ನು ಸಾಮಾನ್ಯ ದಖನಿ ಮಂದೆಗೆ ಬಿಟ್ಟರೆ ಹುಟ್ಟುವ ಹೆಣ್ಣುಮರಿಗಳೆಲ್ಲಕ್ಕೂ ಒಂದೊಂದೇ ಪ್ರತಿಯು ದೊರೆವುದು. ಅವು ಹೆಚ್ಚಾಗಿ ಅವಳಿಗಳನ್ನೀಯುವುವು, ಒಣಭೂಮಿಯ ಮೇವಿನಲ್ಲಿ ತಾಯಿಯು ಸಾಕಬಲ್ಲುದೂ ಅಷ್ಟನ್ನೇ.